ಹಳದಿಗೆ ನೀಲಿ ಬೆರೆತಾಗ

ನ್ಯೂಟನ್‌ನ ಕೋಣೆಯ ನೆಲದ ಮೇಲೆ, ಕಿಟಕಿಯ ಬಿಸಿಲು ಬೀಳುವ ಕಡೆ, ಒಂದು ಪುಡಿಯನ್ನು ದಪ್ಪಗೆ ಬಳಿದಿತ್ತು. ಅರದಾಳದ ಹಳದಿ, ಊದಾ, ನೀಲಿ, ತಾಮ್ರದ ಕಿಲುಬಿನ ಹಸಿರು ಇಷ್ಟನ್ನೂ ಹದ ನೋಡಿ ಬೆರೆಸಿದಾಗ ಬಂದ ಬೂದು ಪುಡಿ ಅದು. ಪಕ್ಕದಲ್ಲೇ, ನೆರಳಿನಲ್ಲಿ, ಅದೇ ಅಳತೆಯ ಒಂದು ಬಿಳಿ ಕಾಗದ. ಅಷ್ಟರಲ್ಲಿ ಗೆಳೆಯನೊಬ್ಬ ನೋಡಲು ಬಂದ. ನ್ಯೂಟನ್ ಅವನನ್ನು ಬಾಗಿಲಲ್ಲೇ ನಿಲ್ಲಿಸಿ, ಏನು ಎತ್ತ ಎಂದು ಹೇಳದೆ, ಅಲ್ಲಿರುವ ಎರಡು ಬಿಳಿಗಳಲ್ಲಿ ಯಾವುದು ಚೆನ್ನಾಗಿದೆ, ಎರಡಕ್ಕೂ ಏನು ವ್ಯತ್ಯಾಸ ಎಂದು ಕೇಳಿದ. ಗೆಳೆಯ ದೂರದಿಂದಲೇ ದಿಟ್ಟಿಸಿ ನೋಡಿ, ಎರಡೂ ಒಳ್ಳೆಯ ಬಿಳಿಯೇ, ಯಾವುದು ಮೇಲೆಂದು ಹೇಳಲಾರೆ ಎಂದ. 1704ರಲ್ಲಿ ಅಚ್ಚಾದ ‘ಆಪ್ಟಿಕ್ಸ್’ ಗ್ರಂಥದಲ್ಲಿ ನ್ಯೂಟನ್ ಈ ಪ್ರಸಂಗವನ್ನು ಬರೆದಿಟ್ಟಿದ್ದಾನೆ. ಪ್ರಮೇಯ, ಪ್ರಯೋಗ, ರೇಖಾಚಿತ್ರಗಳೇ ತುಂಬಿದ ಆ ಪುಸ್ತಕದಲ್ಲಿ ಇನ್ನೊಬ್ಬ ಮನುಷ್ಯ ಬಾಗಿಲಲ್ಲಿ ನಿಂತು ಮಾತಾಡುವ ಇಂಥ ಜಾಗಗಳು ವಿರಳ.

ಎಲ್ಲ ಬಣ್ಣಗಳೂ ಸೇರಿದರೆ ಬಿಳಿ ಎಂಬುದನ್ನು ಪುಡಿಗಳಲ್ಲೂ ತೋರಿಸುವುದು ಅವನ ಉದ್ದೇಶ. ಪುಡಿಗಳಿಂದ ಅಚ್ಚ ಬಿಳಿ ಬರಲಿಲ್ಲ, ಬೂದು ಬಂತು. ಬೂದು ಎಂದರೆ ಮಂಕಾದ ಬಿಳಿ ಅಷ್ಟೇ, ಬೆಳಕು ಹೆಚ್ಚಾದರೆ ಅದೂ ಬಿಳಿಯಾಗಿಯೇ ಕಾಣುತ್ತದೆ ಎಂದು ಅವನು ವಾದಿಸಿದ. ಆ ವಾದ ತಪ್ಪಲ್ಲ. ಆದರೆ ಅದರ ಬೆನ್ನಿಗೆ ಇನ್ನೊಂದು ನಂಬಿಕೆ ಅಂಟಿಕೊಂಡು ಬಂತು: ಪುಡಿ ಬೆರೆಯುವುದೂ ಬೆಳಕು ಬೆರೆಯುವುದೂ ಒಂದೇ ಬಗೆ ಎಂಬುದು. ಈ ಗಂಟನ್ನು ಬಿಡಿಸಲು ಯುರೋಪಿಗೆ ನೂರೆಂಬತ್ತು ವರ್ಷ ಹಿಡಿಯಿತು. ವರ್ಣಸಿದ್ಧಾಂತದ ಚರಿತ್ರೆ ಎಂದು ನಾವು ಓದುವುದರಲ್ಲಿ ದೊಡ್ಡ ಪಾಲು ಇದೇ ಗಂಟಿನ ಕಥೆ. ಬಿಡಿಸಲು ಕೈಹಾಕಿದವರೆಲ್ಲ ಭೌತವಿಜ್ಞಾನಿಗಳೇನಲ್ಲ. ಸಾಲದಲ್ಲಿ ಮುಳುಗಿದ ಮುದ್ರಕ, ನೇಯ್ಗೆ ಕಾರ್ಖಾನೆಯಲ್ಲಿ ನೂಲಿಗೆ ಬಣ್ಣ ಹಾಕಿಸುತ್ತಿದ್ದ ರಸಾಯನಜ್ಞ, ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಮೇಷ್ಟ್ರು ಇವರೂ ಇದ್ದರು.

1672ರ ಫೆಬ್ರವರಿಯಲ್ಲಿ, 29 ವರ್ಷದ ನ್ಯೂಟನ್ ಲಂಡನ್ನಿನ ರಾಯಲ್ ಸೊಸೈಟಿಗೆ ಒಂದು ಕಾಗದ ಬರೆದ. ಅಲ್ಲಿಯವರೆಗೆ ನಡೆದುಬಂದದ್ದು ಅರಿಸ್ಟಾಟಲನ ಮಾತು: ಬೆಳಕು ಶುದ್ಧ, ಅದಕ್ಕೆ ಕತ್ತಲೆ ಹೆಚ್ಚುಕಡಿಮೆ ಬೆರೆತಾಗ ಬಣ್ಣ ಹುಟ್ಟುತ್ತದೆ. ಪಟ್ಟಕದಿಂದ ಕಾಮನಬಿಲ್ಲು ಹೊರಬಿದ್ದರೆ ಅದು ಗಾಜು ಬೆಳಕಿಗೆ ಹಚ್ಚಿದ ಬಣ್ಣ. ನ್ಯೂಟನ್ ಕೋಣೆಯನ್ನು ಕತ್ತಲು ಮಾಡಿ, ಕಿಟಕಿಯ ಕದದಲ್ಲಿ ದುಂಡನೆಯ ಸಣ್ಣ ತೂತು ಕೊರೆದು, ಪಟ್ಟಕದ ಮೂಲಕ ಹಾಯ್ದ ಬಿಸಿಲನ್ನು 22 ಅಡಿ ಆಚೆಯ ಗೋಡೆಗೆ ಬೀಳಿಸಿದ. ದುಂಡಗೆ ಬೀಳಬೇಕಿದ್ದ ಬೆಳಕು ಉದ್ದಕ್ಕೆ ಎಳೆದುಕೊಂಡಿತ್ತು. ಉದ್ದ ಸುಮಾರು 13 ಅಂಗುಲ, ಅಗಲ ಅದರ ಐದನೇ ಒಂದು ಪಾಲು. ಬಣ್ಣಗಳ ಚಂದಕ್ಕಿಂತ ಈ ಉದ್ದವೇ ಅವನನ್ನು ಕಾಡಿದ್ದು. ಅದರಲ್ಲಿ ಒಂದು ಬಣ್ಣವನ್ನು ಮಾತ್ರ ಆರಿಸಿ ಇನ್ನೊಂದು ಪಟ್ಟಕಕ್ಕೆ ಹಾಯಿಸಿದರೆ, ಕೆಂಪು ಕೆಂಪಾಗಿಯೇ ಉಳಿಯಿತು, ನೀಲಿ ನೀಲಿಯಾಗಿಯೇ ಉಳಿಯಿತು, ನೀಲಿ ಮಾತ್ರ ಕೆಂಪಿಗಿಂತ ಹೆಚ್ಚು ಬಾಗಿತು. ಗಾಜು ಏನನ್ನೂ ಹಚ್ಚುತ್ತಿರಲಿಲ್ಲ, ಬಿಸಿಲಿನಲ್ಲಿ ಮೊದಲೇ ಇದ್ದದ್ದನ್ನು ಬೇರ್ಪಡಿಸುತ್ತಿತ್ತು.

ಶಾಲೆಯ ಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತವೆ. ಆದರೆ ಅದೇ ಕಾಗದದಲ್ಲಿ ಇನ್ನೊಂದು ಮಾತಿದೆ. ಹಳದಿಯೂ ನೀಲಿಯೂ ಬೆರೆತರೆ ಹಸಿರಾಗುತ್ತದೆ ಎನ್ನುತ್ತಾನೆ ನ್ಯೂಟನ್. ನುಣ್ಣಗೆ ಅರೆದ ಹಳದಿ ಪುಡಿ, ನೀಲಿ ಪುಡಿ ಬೆರೆಸಿದರೆ ಬರಿಗಣ್ಣಿಗೆ ಹಸಿರು ಕಾಣುತ್ತದೆ. ಅದನ್ನೇ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಳದಿ ಕಣಗಳು, ನೀಲಿ ಕಣಗಳು ಬೇರೆಬೇರೆಯಾಗಿಯೇ ಹರಡಿಕೊಂಡಿರುತ್ತವೆ. ಹಾಗಾದರೆ ಹಸಿರು ಎಲ್ಲಿಂದ ಬಂತು? ಎರಡೂ ಕಣಗಳಿಂದ ಹೊರಟ ಬೆಳಕು ಕಣ್ಣಿನಲ್ಲಿ ಬೆರೆತು ಬಂತು ಎಂದು ಅವನು ತಿಳಿದ. ನೋಡಿದ್ದು ನಿಜ, ತಿಳಿದದ್ದು ತಪ್ಪು. ಇಷ್ಟು ಸೊಗಸಾದ ತಪ್ಪನ್ನು ಹಿಡಿಯುವುದು ಸುಲಭವಲ್ಲ.

ಹಿಡಿಯುವ ಅವಕಾಶ ಮರುವರ್ಷವೇ ಒದಗಿತ್ತು. ಪ್ಯಾರಿಸ್ಸಿನಲ್ಲಿದ್ದ ಹಾಲೆಂಡಿನ ಕ್ರಿಸ್ಟಿಯಾನ್ ಹೈಗೆನ್ಸ್ 1673ರಲ್ಲಿ ಒಂದು ಆಕ್ಷೇಪ ಎತ್ತಿದ. ಬಿಳಿಗೆ ಎಲ್ಲ ಬಣ್ಣಗಳೂ ಏಕೆ ಬೇಕು, ಹಳದಿ ಮತ್ತು ನೀಲಿ ಎರಡೇ ಸಾಕಾಗಬಹುದಲ್ಲ ಎಂದು. ಹಳದಿ ಬೆಳಕಿಗೆ ತಕ್ಕ ನೀಲಿ ಬೆಳಕು ಸೇರಿದರೆ ನಿಜಕ್ಕೂ ಬಿಳಿಯೇ ಬರುತ್ತದೆ. ಆದರೆ ಹೈಗೆನ್ಸ್ ಅದನ್ನು ಪ್ರಯೋಗ ಮಾಡಿ ತೋರಿಸಲಿಲ್ಲ. ಎರಡು ಬಣ್ಣಗಳಿಂದ ಬಿಳಿ ಮಾಡಿದರೂ ಅದು ಬಿಸಿಲಿನ ಬಿಳಿಯಲ್ಲ ಎಂದು ನ್ಯೂಟನ್ ತಿರುಗಿಸಿ ಹೇಳಿದ. ಆ ಹೊತ್ತಿಗೆ ರಾಯಲ್ ಸೊಸೈಟಿಯ ರಾಬರ್ಟ್ ಹುಕ್ ಜತೆಗಿನ ಜಗಳದಿಂದ ಅವನಿಗೆ ಬಣ್ಣದ ಮಾತೇ ಬೇಸರವಾಗಿತ್ತು. ಹುಕ್ 1703ರಲ್ಲಿ ತೀರಿಕೊಂಡ, ‘ಆಪ್ಟಿಕ್ಸ್’ ಹೊರಬಿದ್ದದ್ದು ಮರುವರ್ಷ. ಅದರಲ್ಲಿ ನ್ಯೂಟನ್ ಬಣ್ಣಗಳನ್ನು ಒಂದು ಚಕ್ರದಲ್ಲಿ ಜೋಡಿಸಿ, ಯಾವ ಬೆಳಕು ಎಷ್ಟು ಬೆರೆತರೆ ಯಾವ ಬಣ್ಣ ಬರುತ್ತದೆಂದು ತಕ್ಕಡಿ ತೂಗಿದಂತೆ ಲೆಕ್ಕ ಹಾಕುವ ದಾರಿ ತೋರಿಸಿದ. ಚಕ್ರವನ್ನು ಏಳು ಭಾಗ ಮಾಡಿದ್ದಕ್ಕೆ ಕಾರಣ ಸಂಗೀತ: ಸ್ವರಗಳು ಏಳಾದ್ದರಿಂದ ಬಣ್ಣಗಳೂ ಏಳು. 1672ರ ಕಾಗದದಲ್ಲಿ ಅವನು ಮುಂದೆ ನಿಲ್ಲಿಸಿದ್ದು ಐದೇ ಬಣ್ಣ. ಕಿತ್ತಳೆ, ಇಂಡಿಗೊ ಎರಡೂ ಜತೆಗೆ ಬಂದ ಉಪಪಾತ್ರಗಳು. ನಮ್ಮ ಮಕ್ಕಳು ಇಂದಿಗೂ ಕಾಮನಬಿಲ್ಲಿನಲ್ಲಿ ಏಳೇ ಬಣ್ಣ ಎಣಿಸುವುದರ ಹಿಂದೆ ಈ ಸ್ವರಪ್ರೀತಿ ಇದೆ.

ಇದೇ ಕಾಲಕ್ಕೆ, ವಿದ್ವಾಂಸರ ಪತ್ರವ್ಯವಹಾರದಿಂದ ದೂರದಲ್ಲಿ, ಯಾಕೋಬ್ ಕ್ರಿಸ್ಟೋಫ್ ಲ ಬ್ಲೋನ್ ಎಂಬಾತ ತಾಮ್ರದ ಫಲಕಗಳೊಂದಿಗೆ ಗುದ್ದಾಡುತ್ತಿದ್ದ. 1667ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿದ ಇವನ ಹಟ ಒಂದೇ: ವರ್ಣಚಿತ್ರವನ್ನು ಅಚ್ಚು ಹಾಕಬೇಕು, ಕೈಯಿಂದ ಬಣ್ಣ ತುಂಬಬಾರದು. ಅದಕ್ಕೆ ಒಂದೇ ಚಿತ್ರಕ್ಕೆ ಮೂರು ಫಲಕ ಮಾಡಿದ, ನೀಲಿಗೊಂದು, ಹಳದಿಗೊಂದು, ಕೆಂಪಿಗೊಂದು. ಮೂರನ್ನೂ ಒಂದರ ಮೇಲೊಂದು ಕೂರುವಂತೆ ಒತ್ತಿದರೆ ಮುಖದ ಮೈಬಣ್ಣ, ಎಲೆಯ ಹಸಿರು, ಬಟ್ಟೆಯ ಊದಾ ಎಲ್ಲ ಬರಬೇಕು. ಬಂದವು ಕೂಡ. ಇಂಗ್ಲೆಂಡಿನ ರಾಜ ಒಂದನೇ ಜಾರ್ಜನಿಂದ 1719ರಲ್ಲಿ ಹಕ್ಕುಪತ್ರ ಸಿಕ್ಕಿತು. ಷೇರು ಮಾರಿ ಕಂಪನಿಯೂ ಆಯಿತು, ಕಂಪನಿ ಮುಳುಗಿಯೂ ಹೋಯಿತು. ಒಂದೊಂದು ಚಿತ್ರಕ್ಕೂ ಫಲಕ ಕೆತ್ತುವ ಕೂಲಿಯೇ ಅಷ್ಟಿತ್ತು.

ಕಂಪನಿ ಮುಳುಗಿದ ಮೇಲೆ, 1725ರ ಸುಮಾರಿಗೆ, ಲ ಬ್ಲೋನ್ ‘ಕೊಲೊರಿಟ್ಟೋ’ ಎಂಬ ತೆಳ್ಳನೆಯ ಪುಸ್ತಕ ಬರೆದ. ಕಾಣುವ ವಸ್ತುಗಳನ್ನೆಲ್ಲ ಹಳದಿ, ಕೆಂಪು, ನೀಲಿ ಮೂರೇ ಬಣ್ಣದಲ್ಲಿ ಚಿತ್ರಿಸಬಹುದು ಎನ್ನುವುದು ಅದರ ಸಾರ. ಚಿತ್ರಕಾರರಿಗೆ ಇದು ಪೂರ್ತಿ ಹೊಸದೇನಲ್ಲ. ಬೆರಗು ಹುಟ್ಟಿಸುವುದು ಮುಂದಿನ ಮಾತು. ಕೈಗೆ ಸಿಗುವ ಬಣ್ಣಗಳು ಬೇರೆ, ನ್ಯೂಟನ್ ಹೇಳುವ ಕೈಗೆ ಸಿಗದ ಬಣ್ಣಗಳು ಬೇರೆ. ಮೊದಲಿನವು ಮೂರೂ ಸೇರಿದರೆ ಕಪ್ಪು, ಎರಡನೆಯವು ಸೇರಿದರೆ ಬಿಳಿ ಎಂದು ಲ ಬ್ಲೋನ್ ಸ್ಪಷ್ಟವಾಗಿ ಬರೆದ. ಮಸಿಯಲ್ಲಿ ಕೈ ಅದ್ದಿದವನಿಗೆ ಅದು ದಿನದ ಅನುಭವ. ಏಕೆ ಹಾಗೆ ಎಂದು ಅವನು ವಿವರಿಸಲಿಲ್ಲ, ವಿವರಿಸಬೇಕಾದವರು ಅವನ ಪುಸ್ತಕವನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವನು 1741ರಲ್ಲಿ ಪ್ಯಾರಿಸ್ಸಿನಲ್ಲಿ ಸತ್ತ.

ಅಲ್ಲಿಂದ ಮುಂದೆ ಎರಡು ಪಂಗಡಗಳು ಒಂದೇ ಹೆಸರಿನ ಎರಡು ಸಂಗತಿಗಳ ಬಗ್ಗೆ ವಾದ ಮಾಡುತ್ತ ಕುಳಿತವು. ಮೂಲವರ್ಣ ಮೂರು ಎಂದರು ಬಣ್ಣ ಅರೆಯುವವರು. ಏಳು, ಅಥವಾ ಎಣಿಕೆಯೇ ಇಲ್ಲ ಎಂದರು ನ್ಯೂಟನ್‌ನ ಕಡೆಯವರು. ಗಾಟಿಂಗೆನ್‌ನಲ್ಲಿ ಟೋಬಿಯಾಸ್ ಮೇಯರ್ 1758ರಲ್ಲಿ ಮೂರು ಬಣ್ಣಗಳನ್ನು ತ್ರಿಕೋನದ ಮೂರು ಮೂಲೆಗಿಟ್ಟು ನಡುವಿನ ಛಾಯೆಗಳನ್ನು ಎಣಿಸಿದ. ಕೀಟಗಳ ಚಿತ್ರ ಬಿಡಿಸುತ್ತಿದ್ದ ಮೋಸೆಸ್ ಹ್ಯಾರಿಸ್ ಇಂಗ್ಲೆಂಡಿನಲ್ಲಿ ಅಂದವಾದ ವರ್ಣಚಕ್ರ ಅಚ್ಚು ಹಾಕಿಸಿದ. ಚಿತ್ರಕಲೆಯ ತರಗತಿಗಳಲ್ಲಿ ಇವತ್ತೂ ಗೋಡೆಗೆ ನೇತಾಡುವ ಚಕ್ರ ಹೆಚ್ಚುಕಡಿಮೆ ಅದೇ ವಂಶದ್ದು.

ಕವಿ ಗಯಟೆ ಈ ಕಣಕ್ಕೆ ಇಳಿದದ್ದು ಸಾಲ ತಂದ ಪಟ್ಟಕದಿಂದ. ಬಹಳ ದಿನ ಇಟ್ಟುಕೊಂಡಿದ್ದನ್ನು ಯಜಮಾನ ವಾಪಸು ಕೇಳಿ ಆಳು ಕಳಿಸಿದಾಗ, ಕೊಡುವ ಮುಂಚೆ ಒಮ್ಮೆ ನೋಡೋಣವೆಂದು ಕಣ್ಣಿಗಿಟ್ಟು ಬಿಳಿ ಗೋಡೆಯನ್ನು ನೋಡಿದ. ಗೋಡೆ ಬಣ್ಣಬಣ್ಣವಾಗಲಿಲ್ಲ, ಬೆಳ್ಳಗೇ ಇತ್ತು. ಬೆಳಕಿಗೂ ಕತ್ತಲಿಗೂ ಗಡಿಯಿರುವ ಕಡೆ, ಕಿಟಕಿಯ ಚೌಕಟ್ಟಿನ ಅಂಚಿನಲ್ಲಿ, ಮಾತ್ರ ಬಣ್ಣ ಕಂಡಿತು. ನ್ಯೂಟನ್ ತಪ್ಪು ಎಂದು ಆ ಗಳಿಗೆಯಲ್ಲೇ ತೀರ್ಮಾನಿಸಿಬಿಟ್ಟ. ಅಗಲವಾದ ಗೋಡೆಯ ಒಂದೊಂದು ಬಿಂದುವಿನಿಂದ ಹೊರಟ ವರ್ಣಪಟಲಗಳೂ ಒಂದರ ಮೇಲೊಂದು ಬಿದ್ದು ನಡುವೆ ಮತ್ತೆ ಬಿಳಿಯಾಗುತ್ತವೆ, ಅಂಚಿನಲ್ಲಿ ಮಾತ್ರ ಜತೆ ಸಿಗದೆ ಉಳಿಯುತ್ತವೆ. ನ್ಯೂಟನ್ ಸಣ್ಣ ತೂತು ಕೊರೆದದ್ದು ಸುಮ್ಮನೆ ಅಲ್ಲ. ಗಯಟೆಗೆ ಇದನ್ನು ತಿಳಿಹೇಳಿದವರಿದ್ದರು, ಅವನು ಕಿವಿಗೊಡಲಿಲ್ಲ. 1810ರಲ್ಲಿ ಬಂದ ಅವನ ‘ಫಾರ್ಬನ್‌ಲೇರ’ದಲ್ಲಿ ನ್ಯೂಟನ್‌ನನ್ನು ಬೈಯುವ ಭಾಗ ಓದಲು ಬೇಸರ. ಆದರೆ ಅದೇ ಪುಸ್ತಕದಲ್ಲಿ ಬಣ್ಣದ ನೆರಳುಗಳು, ದಿಟ್ಟಿಸಿ ನೋಡಿ ಕಣ್ಣು ಹೊರಳಿಸಿದಾಗ ತೇಲುವ ಪ್ರತಿಬಣ್ಣಗಳು ಇವನ್ನು ಕುರಿತ ಪುಟಗಳು ಬಂಗಾರ. ಬಣ್ಣದಲ್ಲಿ ಕಣ್ಣಿನ ಪಾಲೂ ಇದೆ ಎಂಬುದನ್ನು ಅಷ್ಟು ಆಸ್ಥೆಯಿಂದ ನೋಡಿ ಬರೆದವರು ಅದಕ್ಕೆ ಮೊದಲು ಕಡಿಮೆ.

ಕಣ್ಣಿನ ಪಾಲು ಎಷ್ಟು ದೊಡ್ಡದೆಂದು ತೋರಿಸಿದ್ದು ಮಾತ್ರ ನೂಲಿನ ಕಾರ್ಖಾನೆ. ಪ್ಯಾರಿಸ್ಸಿನ ಗೊಬೆಲಾಂ ಫ್ರೆಂಚ್ ಅರಸರ ಕಾಲದಿಂದ ಗೋಡೆಗೆ ತೂಗುವ ಚಿತ್ರದ ಜಮಖಾನೆಗಳನ್ನು ನೇಯುತ್ತಿದ್ದ ಸರ್ಕಾರಿ ಕಾರ್ಖಾನೆ. 1824ರಲ್ಲಿ ಅದರ ಬಣ್ಣದ ವಿಭಾಗಕ್ಕೆ ಮಿಶೆಲ್ ಯೂಜೆನ್ ಶೆವ್ರಲ್ ಎಂಬ ರಸಾಯನಜ್ಞ ಮುಖ್ಯಸ್ಥನಾಗಿ ಬಂದ. ಎಣ್ಣೆ, ಕೊಬ್ಬುಗಳ ರಸಾಯನದಲ್ಲಿ ಆಗಲೇ ಹೆಸರು ಮಾಡಿದ್ದವನು. ಬಂದವನ ಮುಂದೆ ದೂರುಗಳು ಸಾಲುಗಟ್ಟಿದವು. ಅವುಗಳಲ್ಲಿ ಒಂದು: ಕಪ್ಪು ಉಣ್ಣೆಯ ನೂಲು ಸರಿಯಿಲ್ಲ, ನೀಲಿ, ನೇರಳೆ ಬಟ್ಟೆಗಳ ಮಡಿಕೆಗೆ ನೆರಳು ಕೊಡಲು ಅದನ್ನು ಹಾಕಿದರೆ ಗಾಢವಾಗಿ ಕಾಣುವುದಿಲ್ಲ, ಮಾಸಿದಂತೆ ಕಾಣುತ್ತದೆ. ಕಷಾಯದಲ್ಲಿ ದೋಷವಿರಬೇಕು, ಅಥವಾ ಬಣ್ಣ ಹಾಕುವವರು ಕಳ್ಳಗೆಲಸ ಮಾಡಿರಬೇಕು ಎಂದು ನೇಯುವವರ ಅನುಮಾನ.

ಶೆವ್ರಲ್ ಬೇರೆ ಪ್ರಸಿದ್ಧ ಕಾರ್ಖಾನೆಗಳ ಕಪ್ಪು ಉಣ್ಣೆ ತರಿಸಿ ಪಕ್ಕಪಕ್ಕ ಇಟ್ಟು ನೋಡಿದ. ಗೊಬೆಲಾಂನ ಕಪ್ಪು ಯಾವುದಕ್ಕೂ ಕಡಿಮೆ ಇರಲಿಲ್ಲ. ತೊಟ್ಟಿಯಲ್ಲಿ ತಪ್ಪಿಲ್ಲದಿದ್ದರೆ ತಪ್ಪು ಮಗ್ಗದಲ್ಲಿರಬೇಕು. ನೂಲನ್ನು ನೀಲಿಯ ಪಕ್ಕದಿಂದ ಕಿತ್ತು ಬೇರೆ ಬಣ್ಣದ ಪಕ್ಕ ಇಟ್ಟಾಗ ಅದೇ ಕಪ್ಪು ಚೇತರಿಸಿಕೊಂಡಿತು. ನೆರೆಯಲ್ಲಿರುವ ಎರಡು ಬಣ್ಣಗಳು ಪರಸ್ಪರ ದೂರ ತಳ್ಳುತ್ತವೆ, ಒಂದೊಂದೂ ತನ್ನ ವಿರುದ್ಧ ಬಣ್ಣದ ಛಾಯೆಯನ್ನು ಪಕ್ಕದ್ದಕ್ಕೆ ಬಳಿಯುತ್ತದೆ. ನೀಲಿಯ ಪಕ್ಕದ ಕಪ್ಪಿಗೆ ಕಿತ್ತಳೆಯ ಮಸುಕು ಹತ್ತುತ್ತದೆ. ಇದೆಲ್ಲ ನಡೆಯುವುದು ನೋಡುವವನ ಒಳಗೆ. 1839ರಲ್ಲಿ ಶೆವ್ರಲ್ ಇದನ್ನು ಏಳುನೂರಕ್ಕೂ ಹೆಚ್ಚು ಪುಟಗಳ ಗ್ರಂಥ ಮಾಡಿದ. ಜಮಖಾನೆ, ಗೋಡೆಕಾಗದ, ಸೈನಿಕರ ಸಮವಸ್ತ್ರ, ಹೂದೋಟದ ಪಾತಿ, ಹೆಂಗಸರ ಟೋಪಿ ಎಲ್ಲಕ್ಕೂ ಅದರಲ್ಲಿ ಸಲಹೆ ಉಂಟು. ಮುಂದೆ ಚಿತ್ರಕಾರರು ಅದನ್ನು ಮುಗಿಬಿದ್ದು ಓದಿದರು. ಶೆವ್ರಲ್ ಬದುಕಿದ್ದು 102 ವರ್ಷ.

ಇತ್ತ ಇಂಗ್ಲೆಂಡಿನಲ್ಲಿ ವೈದ್ಯ ಥಾಮಸ್ ಯಂಗ್ 1801ರಲ್ಲೇ ಒಂದು ಊಹೆ ಮಾಡಿದ್ದ. ಬೆಳಕಿನ ಒಂದೊಂದು ಬಣ್ಣಕ್ಕೂ ಕಣ್ಣಿನ ಪರದೆಯ ಒಂದೊಂದು ಬಿಂದುವಿನಲ್ಲೂ ಬೇರೆಬೇರೆ ತಂತು ಇರಲು ಜಾಗವೆಲ್ಲಿದೆ? ಮೂರು ಬಗೆ ಇದ್ದರೆ ಸಾಕು, ಉಳಿದವು ಅವುಗಳ ಹೆಚ್ಚುಕಡಿಮೆಯಿಂದ ಬರುತ್ತವೆ. ಮೂಲವರ್ಣ ಮೂರು ಎಂಬುದು ಹೀಗೆ ಬೆಳಕಿನಿಂದ ಇಳಿದು ಕಣ್ಣಿಗೆ ಬಂತು. ಮೊದಲು ಕೆಂಪು, ಹಳದಿ, ನೀಲಿ ಎಂದವನು ಮರುವರ್ಷ ಕೆಂಪು, ಹಸಿರು, ನೇರಳೆ ಎಂದು ತಿದ್ದಿಕೊಂಡ. ಜಾನ್ ಡಾಲ್ಟನ್‌ನ ಪ್ರಸಂಗಕ್ಕೂ ಇದೇ ಕೀಲಿ. ಪರಮಾಣುವಾದಕ್ಕೆ ಹೆಸರಾದ ಡಾಲ್ಟನ್ ಹಗಲಲ್ಲಿ ನೀಲಿಯಾಗಿ ಕಂಡ ಜೆರೇನಿಯಂ ಹೂವು ದೀಪದ ಬೆಳಕಿಗೆ ಕೆಂಪಾಗಿ ಕಂಡದ್ದರಿಂದ ತನ್ನ ಕಣ್ಣೇ ಬೇರೆ ಎಂದು ಅರಿತು, 1794ರಲ್ಲಿ ಮ್ಯಾಂಚೆಸ್ಟರಿನಲ್ಲಿ ಅದನ್ನು ಕುರಿತು ಪ್ರಬಂಧ ಓದಿದ. ಕಣ್ಣೊಳಗಿನ ದ್ರವ ನೀಲಿಯಾಗಿರಬೇಕು, ಸತ್ತ ಮೇಲೆ ತೆಗೆದು ನೋಡಿ ಎಂದು ಹೇಳಿದ್ದ. 1844ರಲ್ಲಿ ತೆಗೆದು ನೋಡಿದರು, ದ್ರವ ತಿಳಿಯಾಗಿತ್ತು. ಉಳಿಸಿಟ್ಟಿದ್ದ ಕಣ್ಣಿನ ಡಿಎನ್ಎಯನ್ನು 1995ರಲ್ಲಿ ಪರೀಕ್ಷಿಸಿದಾಗ, ಮೂರು ಬಗೆಯ ಗ್ರಾಹಕಗಳಲ್ಲಿ ಮಧ್ಯದ್ದು ಅವನಿಗೆ ಇರಲಿಲ್ಲವೆಂದು ತಿಳಿಯಿತು. ಯಂಗ್ ಊಹಿಸಿದ ದಾರಿಯೇ ಸರಿ, ಕೊರತೆಯಿದ್ದದ್ದು ಪರದೆಯಲ್ಲಿ.

ಆದರೂ ಹಳದಿ, ನೀಲಿಯ ಗಂಟು ಹಾಗೇ ಇತ್ತು. 1849ರಲ್ಲಿ ಎಡಿನ್‌ಬರೊದ ಪ್ರಾಧ್ಯಾಪಕ ಜೇಮ್ಸ್ ಫೋರ್ಬ್ಸ್ ಬಣ್ಣದ ಕಾಗದಗಳನ್ನು ತಟ್ಟೆಗೆ ಹೊಂದಿಸಿ ಗಿರಗಿರನೆ ತಿರುಗಿಸಿದ. ಹಳದಿ ಮತ್ತು ನೀಲಿ ಸೇರಿ ಹಸಿರಾಗಬೇಕಿತ್ತಲ್ಲ, ಆಗಲಿಲ್ಲ. ಎಷ್ಟು ಹಂಚಿದರೂ ಬೂದು. ಇದನ್ನು ನೋಡಿದವರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಎಂಬ ಹದಿಹರೆಯದ ವಿದ್ಯಾರ್ಥಿಯೂ ಇದ್ದ.

ಉತ್ತರ ಸಿಕ್ಕಿದ್ದು 1852ರಲ್ಲಿ, ಕೋನಿಗ್ಸ್‌ಬರ್ಗಿನ ಶರೀರವಿಜ್ಞಾನದ ಪ್ರಾಧ್ಯಾಪಕ ಹರ್ಮನ್ ಹೆಲ್ಮ್‌ಹೋಲ್ಟ್ಸ್‌ನಿಂದ. V ಆಕಾರದ ಸೀಳಿನ ಮೂಲಕ ಎರಡು ವರ್ಣಪಟಲಗಳನ್ನು ಒಂದರ ಮೇಲೊಂದು ಅಡ್ಡ ಬೀಳಿಸಿದರೆ ಯಾವ ಬೆಳಕಿಗೆ ಯಾವ ಬೆಳಕು ಬೆರೆತರೂ ಒಂದೇ ನೋಟಕ್ಕೆ ಸಿಗುತ್ತದೆ. ಅಚ್ಚ ಹಳದಿ ಬೆಳಕು ಅಚ್ಚ ನೀಲಿ ಬೆಳಕಿನ ಮೇಲೆ ಬಿದ್ದ ಕಡೆ ಬಿಳಿ ಕಂಡಿತು. ಹಾಗಾದರೆ ಪುಡಿಗಳು? ಹಳದಿ ಪುಡಿ ಬಿಸಿಲಿನ ನೀಲಿ, ನೇರಳೆಯನ್ನು ನುಂಗಿ ಕೆಂಪು, ಹಳದಿ, ಹಸಿರನ್ನು ಬಿಟ್ಟುಕೊಡುತ್ತದೆ. ನೀಲಿ ಪುಡಿ ಕೆಂಪು, ಹಳದಿಯನ್ನು ನುಂಗಿ ಹಸಿರು, ನೀಲಿ, ನೇರಳೆಯನ್ನು ಬಿಡುತ್ತದೆ. ಕಣ್ಣಿಗೆ ಬರುವ ಬೆಳಕು ಒಂದೇ ಕಣಕ್ಕೆ ತಾಗಿ ಹಿಂದಿರುಗಿದ್ದಲ್ಲ, ಹಳದಿ ಕಣ ಹೊಕ್ಕು ನೀಲಿ ಕಣ ದಾಟಿ ಬಂದದ್ದು. ಎರಡು ಸುಂಕದ ಕಟ್ಟೆಗಳನ್ನೂ ಹಾಯ್ದು ಉಳಿಯುವುದು ಹಸಿರೊಂದೇ. ನ್ಯೂಟನ್ ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಸರಿ, ಆದರೆ ಆ ಕಣಗಳು ಕೂಡುವ ಲೆಕ್ಕ ಮಾಡುತ್ತಿರಲಿಲ್ಲ, ಕಳೆಯುವ ಲೆಕ್ಕ ಮಾಡುತ್ತಿದ್ದವು.

ಹೆಲ್ಮ್‌ಹೋಲ್ಟ್ಸ್‌ಗೂ ಒಂದು ಎಡವಟ್ಟಾಯಿತು. ಸೇರಿ ಬಿಳಿಯಾಗುವ ಜೋಡಿ ಹಳದಿ, ನೀಲಿ ಒಂದೇ ಎಂದು ಅವನು ಬರೆದ. ಮರುವರ್ಷ ಸ್ಟೆಟಿನ್ನಿನ ಶಾಲಾಮೇಷ್ಟ್ರು ಹರ್ಮನ್ ಗ್ರಾಸ್‌ಮನ್, ಕೇವಲ ಗಣಿತದ ತರ್ಕದಿಂದ, ಹಾಗಿರಲಾರದು, ಪ್ರತಿ ಬಣ್ಣಕ್ಕೂ ಒಂದು ಜೋಡಿ ಇರಲೇಬೇಕು ಎಂದು ತೋರಿಸಿ ಬಣ್ಣದ ಕೂಡಿಕೆಗೆ ನಿಯಮ ಹಾಕಿಕೊಟ್ಟ. ಹೆಲ್ಮ್‌ಹೋಲ್ಟ್ಸ್ ಮತ್ತೆ ಪ್ರಯೋಗ ಮಾಡಿ ಒಪ್ಪಿಕೊಂಡ. ಗ್ರಾಸ್‌ಮನ್‌ನ ಗಣಿತವನ್ನು ಬದುಕಿದ್ದಾಗ ಕೇಳಿದವರೇ ಕಡಿಮೆ. ನೊಂದು ಅವನು ಸಂಸ್ಕೃತದ ಕಡೆ ತಿರುಗಿದ, 1873ರಿಂದ ಅಚ್ಚಾದ ಅವನ ಋಗ್ವೇದದ ನಿಘಂಟನ್ನು ವೇದ ಅಭ್ಯಾಸಿಗಳು ಈಗಲೂ ತೆರೆಯುತ್ತಾರೆ. ಬಣ್ಣದ ಬೀಜಗಣಿತ ಮಾಡಿದವನೂ ಇವನೇ ಎಂದು ಅವರಲ್ಲಿ ಎಷ್ಟು ಮಂದಿಗೆ ಗೊತ್ತೋ.

ಮ್ಯಾಕ್ಸ್‌ವೆಲ್ ಕೈಗೆ ಬುಗುರಿ ಬಂತು. ಇಂಗಳೀಕದ ಕೆಂಪು, ಪಚ್ಚೆ ಹಸಿರು, ಅಲ್ಟ್ರಾಮೆರೀನ್ ನೀಲಿ ಕಾಗದಗಳನ್ನು ಅದರ ತಟ್ಟೆಗೆ ಹೊಂದಿಸಿ, ಒಳಗಿನ ಸಣ್ಣ ವೃತ್ತದಲ್ಲಿ ಬೇರೊಂದು ಬಣ್ಣವಿಟ್ಟು ತಿರುಗಿಸಿ, ಎರಡೂ ಒಂದೇ ಆಗಿ ಕಾಣುವವರೆಗೆ ಪಾಲು ತಿದ್ದುತ್ತಿದ್ದ. ತಟ್ಟೆಯಂಚಿನ ನೂರು ಗೆರೆಗಳಿಂದ ಪಾಲು ಓದಿ ಸಮೀಕರಣ ಬರೆಯುತ್ತಿದ್ದ. 1855ರ ಹೊತ್ತಿಗೆ ಬಣ್ಣಕ್ಕೆ ಅಂಕಿ ಬಂದಿತ್ತು. ಆಮೇಲೆ ಲಂಡನ್ನಿನ ಮನೆಯ ಅಟ್ಟದಲ್ಲಿ ಆಳುದ್ದದ ಪೆಟ್ಟಿಗೆಯೊಂದನ್ನು ಮಾಡಿಕೊಂಡು ಅಚ್ಚ ಬೆಳಕುಗಳನ್ನೇ ಬೆರೆಸಿ ಅಳೆದ. ಹೆಂಡತಿ ಕ್ಯಾಥರೀನ್ ಕೂಡ ಕಣ್ಣಿಟ್ಟು ಅಳತೆ ಕೊಟ್ಟಳು. ಗಂಟೆಗಟ್ಟಲೆ ಶವಪೆಟ್ಟಿಗೆಯೊಳಗೆ ಇಣುಕುವ ಇವನಿಗೆ ತಲೆ ಕೆಟ್ಟಿದೆ ಎಂದು ನೆರೆಯವರು ತಿಳಿದರಂತೆ.

1861ರ ಮೇ 17ರಂದು ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮ್ಯಾಕ್ಸ್‌ವೆಲ್ ಒಂದು ಪಟ್ಟೆಪಟ್ಟೆಯ ರಿಬ್ಬನ್ನಿನ ಚಿತ್ರ ತೋರಿಸಿದ. ಕೆಂಪು, ಹಸಿರು, ನೀಲಿ ದ್ರಾವಣಗಳ ಮೂಲಕ ಥಾಮಸ್ ಸಟನ್ ತೆಗೆದಿದ್ದ ಮೂರು ಕಪ್ಪು-ಬಿಳುಪು ಫೋಟೊಗಳನ್ನು ಅವೇ ಬಣ್ಣಗಳ ಮೂಲಕ ಪರದೆಯ ಮೇಲೆ ಒಂದೆಡೆ ಬೀಳಿಸಿದಾಗ ರಿಬ್ಬನ್ನು ಬಣ್ಣದಲ್ಲಿ ಮೂಡಿತು. ವಿಚಿತ್ರವೆಂದರೆ ಅದು ಮೂಡಬಾರದಿತ್ತು. ಅಂದಿನ ಫಲಕಗಳಿಗೆ ಕೆಂಪು ಬೆಳಕು ಹತ್ತುತ್ತಲೇ ಇರಲಿಲ್ಲ. ನೂರು ವರ್ಷದ ಮೇಲೆ, 1961ರಲ್ಲಿ, ಕೊಡಾಕ್ ಕಂಪನಿಯ ಸಂಶೋಧಕರು ಪ್ರಯೋಗವನ್ನು ಮತ್ತೆ ಮಾಡಿ ಗುಟ್ಟು ಕಂಡುಹಿಡಿದರು: ರಿಬ್ಬನ್ನಿನ ಕೆಂಪು ಬಣ್ಣ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನೂ ಹೊರಗೆಸೆಯುತ್ತಿತ್ತು, ಕೆಂಪು ದ್ರಾವಣ ಅವನ್ನು ಒಳಬಿಡುತ್ತಿತ್ತು, ಫಲಕ ಹಿಡಿದದ್ದು ಅವನ್ನೇ. ಸರಿಯಾದ ಸಿದ್ಧಾಂತ ಅದೃಷ್ಟದ ಬಲದಿಂದ ಗೆದ್ದಿತು.

ಇಷ್ಟಾದ ಮೇಲೂ ಹಳೆಯ ನಂಬಿಕೆ ಚಿತ್ರಕಲೆಯ ಮಾತಿನಲ್ಲಿ ತಲೆಯೆತ್ತುತ್ತದೆ. 1880ರ ದಶಕದಲ್ಲಿ ಜಾರ್ಜ್ ಸೂರಾ ಚುಕ್ಕೆ ಚುಕ್ಕೆಯಾಗಿ ಬಣ್ಣ ಇಟ್ಟು ಚಿತ್ರ ಮಾಡಿದಾಗ, ಹಳದಿ, ನೀಲಿ ಚುಕ್ಕೆಗಳು ನೋಡುವವರ ಕಣ್ಣಿನಲ್ಲಿ ಸೇರಿ ಹೊಳೆಯುವ ಹಸಿರಾಗುತ್ತವೆ ಎಂದು ವಿವರಿಸಿದವರು ಬಹಳ. ಪಕ್ಕಪಕ್ಕದ ಚುಕ್ಕೆಗಳು ಕಣ್ಣಿನಲ್ಲಿ ಬೆರೆತರೆ ಬರುವುದು ಫೋರ್ಬ್ಸ್‌ನ ತಟ್ಟೆಯ ಬೂದು. ಸೂರಾನ ಹುಲ್ಲು ಹಸಿರಾಗಿ ಕಾಣುವುದು ಅದರಲ್ಲಿ ಬೇಕಾದಷ್ಟು ಹಸಿರು ಚುಕ್ಕೆಗಳೇ ಇರುವುದರಿಂದ.

ಕಳೆಯುವ ಲೆಕ್ಕವನ್ನು ದುಡಿಸಿಕೊಂಡದ್ದು ಫ್ರಾನ್ಸಿನ ಲೂಯಿ ಡ್ಯುಕೊ ಡ್ಯು ಒರೋನ್. 1868ರಲ್ಲಿ ಅವನು ಪಡೆದ ಪೇಟೆಂಟಿನ ಪ್ರಕಾರ, ಬಣ್ಣದ ಗಾಜಿನ ಮೂಲಕ ಮೂರು ಫೋಟೊ ತೆಗೆದು, ಒಂದೊಂದನ್ನೂ ಆ ಗಾಜಿನ ವಿರುದ್ಧ ಬಣ್ಣದಲ್ಲಿ ಅಚ್ಚು ಹಾಕಿ, ಒಂದರ ಮೇಲೊಂದು ಕೂರಿಸಬೇಕು. ಕೆತ್ತನೆಯ ಕೂಲಿಯಿಂದ ಸೋತಿದ್ದ ಲ ಬ್ಲೋನ್‌ನ ಮೂರು ಫಲಕಗಳ ಕೆಲಸವನ್ನು ಕ್ಯಾಮೆರಾ ಮಾಡಿಕೊಟ್ಟಿತು. ಇವತ್ತಿನ ಛಾಪಖಾನೆಗಳಲ್ಲಿ ಸಯಾನ್, ಮೆಜೆಂಟಾ, ಹಳದಿ ಎನ್ನುವ ಮಸಿಗಳು ಆ ನೀಲಿ, ಕೆಂಪು, ಹಳದಿಯ ತಿದ್ದಿದ ರೂಪಗಳೇ. ಮೆಜೆಂಟಾ ಕಳೆಯಬೇಕಾದದ್ದು ಹಸಿರನ್ನು, ಸಯಾನ್ ಕಳೆಯಬೇಕಾದದ್ದು ಕೆಂಪನ್ನು.

ಕಣ್ಣಿನ ಪ್ರಶ್ನೆಗಳು ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಎವಾಲ್ಡ್ ಹೇರಿಂಗ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೆಂಪು-ಹಸಿರು, ಹಳದಿ-ನೀಲಿ ಎಂಬ ಎದುರು ಜೋಡಿಗಳ ವಾದ ಹೂಡಿ ಹೆಲ್ಮ್‌ಹೋಲ್ಟ್ಸ್ ಕಡೆಯವರೊಡನೆ ದಶಕಗಟ್ಟಲೆ ಕಾದಾಡಿದ. ಗ್ರಾಹಕಗಳು ಮೂರು, ಅವುಗಳ ಸುದ್ದಿಯನ್ನು ಮುಂದಿನ ನರಗಳು ಜೋಡಿಗಳಾಗಿ ಕಟ್ಟಿಕೊಳ್ಳುತ್ತವೆ ಎಂದಾದಾಗ ಇಬ್ಬರೂ ಸರಿಯಾದರು. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ತಮ್ಮ ಕೊನೆಯ ವರ್ಷಗಳನ್ನು ಹೂವುಗಳ ಬಣ್ಣಕ್ಕೂ ಕಣ್ಣಿನ ಕೆಲಸಕ್ಕೂ ಮೀಸಲಿಟ್ಟು, 1968ರಲ್ಲಿ ‘ದ ಫಿಸಿಯಾಲಜಿ ಆಫ್ ವಿಷನ್’ ಎಂಬ ಪುಸ್ತಕ ಹೊರತಂದರು.

ಆದರೆ ವ್ಯಾಪಾರಕ್ಕೆ ವಾದ ಮುಗಿಯುವವರೆಗೆ ಕಾಯುವ ವ್ಯವಧಾನ ಇರಲಿಲ್ಲ. ಬಣ್ಣ, ಬಟ್ಟೆ, ದೀಪ ಮಾರುವವರಿಗೆ ಎಲ್ಲರೂ ಒಪ್ಪುವ ಅಳತೆ ಬೇಕಿತ್ತು. 1920ರ ದಶಕದಲ್ಲಿ ಡೇವಿಡ್ ರೈಟ್ ಹತ್ತು ಮಂದಿಯ, ಜಾನ್ ಗಿಲ್ಡ್ ಏಳು ಮಂದಿಯ ಕಣ್ಣುಗಳಿಂದ, ಮ್ಯಾಕ್ಸ್‌ವೆಲ್‌ನ ಬಗೆಯಲ್ಲೇ, ಮೂರು ಬೆಳಕು ಬೆರೆಸಿ ಹೋಲಿಕೆ ಮಾಡಿಸಿದರು. ಈ ಹದಿನೇಳು ಜನರ ಸರಾಸರಿಯನ್ನು ಬೆಳಕಿನ ಅಂತರರಾಷ್ಟ್ರೀಯ ಆಯೋಗ 1931ರಲ್ಲಿ ‘ಪ್ರಮಾಣ ವೀಕ್ಷಕ’ ಎಂದು ಅಂಗೀಕರಿಸಿತು. ಟಿವಿ ತೆರೆಯ ಕೆಂಪು ಎಷ್ಟು ಕೆಂಪಿರಬೇಕು, ಕಾರಿನ ಬಾಗಿಲಿನ ಬಣ್ಣಕ್ಕೂ ಬಾನೆಟ್ಟಿನ ಬಣ್ಣಕ್ಕೂ ಎಷ್ಟು ವ್ಯತ್ಯಾಸ ನಡೆಯುತ್ತದೆ ಎಂದು ಗೊತ್ತುಮಾಡುವ ಲೆಕ್ಕಗಳ ತಳದಲ್ಲಿ ಇಂದಿಗೂ ಹೆಚ್ಚಾಗಿ ಆ ಹದಿನೇಳು ಜನರ ನೋಟವೇ ಇದೆ.